ಗಿಡ ಪುಕ್ಕಟೆ, ಖರ್ಚು ಕುಂಡದ್ದು

ನನ್ನ ಮೇಜಿನ ಮೇಲೆ ಎಂಟು ದಿನದಿಂದ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ ಬಿದ್ದಿದೆ. ಬೆರಳಿನಷ್ಟು ಉದ್ದ, ಒಂದು ತುದಿ ಚೂಪು. ಶ್ರೀಖಂಡದ ಡಬ್ಬಿಯನ್ನು ಕತ್ತರಿಸಿ ಮಾಡಿದ್ದು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಹೊಳಿಹೂವು, ದಿಗ್ಗೇವಾಡಿ’ ಎಂದಿದೆ: ಹೂವಿನ ಹೆಸರು, ನಮ್ಮೂರಿನ ಹೆಸರು. ಮೂರು ವರ್ಷದಲ್ಲಿ ಶಾಯಿ ಮಾಸಿದೆ. ಚೂಪು ತುದಿಗೆ ಇನ್ನೂ ಮಣ್ಣು ಅಂಟಿದೆ. ತೊಳೆಯಬಹುದಿತ್ತು. ತೊಳೆದಿಲ್ಲ.

ಗಿಡಗಳಿಗೆ ಹೆಸರಿನ ಪಟ್ಟಿ ಚುಚ್ಚುವ ಚಟ ನನಗೆ ಮೂರನೆಯ ಇಯತ್ತೆಯಲ್ಲಿ ಓದುವಾಗಿನಿಂದ ಇದೆ. ಮನೆಯಲ್ಲಿ ಶ್ರೀಖಂಡ ಮುಗಿಯುವುದನ್ನೇ ಕಾಯುತ್ತಿದ್ದೆ, ಡಬ್ಬಿಗಾಗಿ. ತುಳಸಿಗೆ ‘ತುಳಸಿ’, ಕರಿಬೇವಿಗೆ ‘ಕರಿಬೇವು’. ಆ ಮನೆಯಲ್ಲಿ ತುಳಸಿ ಯಾವುದೆಂದು ತಿಳಿಯದವರು ಯಾರೂ ಇರಲಿಲ್ಲ, ಆದರೂ ಬರೆದೆ. ಎಮ್ಮೆಯ ಗೂಟಕ್ಕೂ ‘ಎಮ್ಮೆ’ ಎಂದು ಬರೆದು ಕಟ್ಟಿದೆ. ಎಮ್ಮೆ ಅದನ್ನು ತಿಂದಿತು. ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗಿ ಸಸ್ಯಶಾಸ್ತ್ರ ಓದಿ ಬಂದೆ. ಚಟಕ್ಕೊಂದು ಪ್ರಮಾಣಪತ್ರ ಸಿಕ್ಕಿತು, ಅಷ್ಟೇ.

ನನ್ನ ಪಟ್ಟಿಯನ್ನು ಬೇಡವೆಂದವಳು ಆಯಿ ಒಬ್ಬಳೇ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಅವಳ ಹೊಳಿಹೂವಿನ ಬುಡಕ್ಕೆ ಪಟ್ಟಿ ಹಿಡಿದು ಹೋದಾಗ ನನ್ನ ಕೈ ಹಿಡಿದಳು.

“ಅಲ್ಲಿ ಚುಚ್ಚಬ್ಯಾಡ ಬೇ. ಗಡ್ಡಿಗೆ ತಾಗತೈತಿ.”

ನಾವು ಜೈನರು. ಆಯಿ ಜನ್ಮದಲ್ಲಿ ಉಳ್ಳಾಗಡ್ಡಿ, ಬಟಾಟಿ ಮುಟ್ಟಿದವಳಲ್ಲ. ನೆಲದೊಳಗಿನ ಗೆಡ್ಡೆಯಲ್ಲಿ ಎಣಿಸಲಾಗದಷ್ಟು ಜೀವಗಳಿರುತ್ತವೆ, ಅದನ್ನು ಕಿತ್ತರೆ ಅಷ್ಟೂ ಜೀವದ ಪಾಪ ಎಂದು ಅವಳ ನಂಬಿಕೆ. ಉಣ್ಣುವ ಗೆಡ್ಡೆಯಿರಲಿ, ಹೂವಿನ ಗೆಡ್ಡೆಯಿರಲಿ, ಅವಳ ಅಂಗಳದಲ್ಲಿ ಗುದ್ದಲಿ ಅದರ ಹತ್ತಿರ ಸುಳಿಯುವಂತಿರಲಿಲ್ಲ.

ಹೊಳಿಹೂವನ್ನು ಯಾರೂ ನೆಟ್ಟದ್ದೂ ಅಲ್ಲ. ನಾನು ಹುಟ್ಟುವ ಮೊದಲು ಒಮ್ಮೆ ಕೃಷ್ಣೆಗೆ ಮಹಾಪೂರ ಬಂದು ನಮ್ಮ ಅಂಗಳದಲ್ಲಿ ನೀರು ನಿಂತಿತ್ತಂತೆ. ನೀರು ಇಳಿದ ಮೇಲೆ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ರಾಡಿಯ ಮೇಲೆ, ತೆಂಗಿನಕಾಯಿಯ ಅರ್ಧದಷ್ಟು ದಪ್ಪದ ಒಂದು ಗೆಡ್ಡೆ ಕೂತಿತ್ತು. ಅಜ್ಜ ಅದನ್ನು ಎಸೆಯಲು ಹೋದಾಗ ಆಯಿ ಬಿಡಲಿಲ್ಲ. “ಹೊಳಿ ತಂದು ಇಟ್ಟು ಹೋಗೈತಿ. ನಾವ್ಯಾಕ ಕಿತ್ತ ಒಗಿಯೋಣು?” ಎಂದಳಂತೆ. ಗೆಡ್ಡೆ ಕೂತಲ್ಲೇ ಬೇರಿಳಿಸಿತು. ಪ್ರತಿ ಜ್ಯೇಷ್ಠದಲ್ಲಿ, ಮೊದಲ ಮಳೆ ಬಿದ್ದ ಎಂಟು ದಿನಕ್ಕೆ, ಉದ್ದನೆಯ ದೇಟಿನ ತುದಿಗೆ ಐದಾರು ಹೂ. ಬಿಳಿಯ ಎಸಳು, ನಡುವೆ ಒಂದೇ ಒಂದು ಗುಲಾಬಿ ಗೆರೆ. ಸಂಜೆ ಅರಳಿ ಘಮ್ಮೆನ್ನುತ್ತಿತ್ತು. ಸೂರ್ಯ ಮುಳುಗುವ ಮೊದಲೇ ಆಯಿಯ ಊಟ ಮುಗಿದಿರುತ್ತದೆ. ಆಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ. ಅವಳು ಒಗೆಯುವ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದಳು. “ನೇಮ ಬಾಯಿಗೈತಿ. ಮೂಗಿಗೆ ಇಲ್ಲಲ್ಲ” ಎನ್ನುತ್ತಿದ್ದಳು.

ಓಣಿಯ ಹೆಂಗಸರು ಕೇಳದೆ ಬಿಟ್ಟಿರಲಿಲ್ಲ. “ವೈನಿ, ಒಂದs ಒಂದು ಗಡ್ಡಿ ಕೊಡ್ರಿ.” ಆಯಿ ದೇಟು ಮುರಿದು ಕೊಡುತ್ತಿದ್ದಳು. “ಹೂವು ಬೇಕಾದಷ್ಟು ಒಯ್ಯಿ. ಗಡ್ಡಿ ಕೇಳಬ್ಯಾಡ.” ಹೀಗಾಗಿ ಆ ಗಿಡ ನಮ್ಮ ಅಂಗಳ ಬಿಟ್ಟು ಎಲ್ಲಿಯೂ ಇರಲಿಲ್ಲ. ನಾನು ಪುಸ್ತಕಗಳಲ್ಲಿ ಹುಡುಕಿದೆ. ಇದರ ಬಳಗ ಸಿಕ್ಕಿತು, ಇದು ಸಿಗಲಿಲ್ಲ. ಎಲ್ಲಿಯೂ ಇಲ್ಲದ್ದು ನಮ್ಮ ಮನೆಯಲ್ಲಿದೆ ಎಂಬ ಅರಿವು ಸುಮ್ಮನೆ ಕೂರುವಂಥದ್ದಲ್ಲ. ಅದನ್ನು ಯಾರಿಗಾದರೂ ತೋರಿಸಬೇಕು.

ತೋರಿಸುವುದಕ್ಕೆ ಜಾಗ ಸಿಕ್ಕಿತು. ರಾಯಬಾಗದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದ ವರ್ಷ, ನಾನು ಗಿಡಪ್ರೇಮಿಗಳ ಕ್ಲಬ್ಬಿನ ಸದಸ್ಯೆಯಾದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕಿನವರು ಸೇರಿದ ಕ್ಲಬ್ಬು. ಪ್ರತಿ ಶ್ರಾವಣದಲ್ಲಿ ಯಾವುದಾದರೂ ಊರಿನ ಮಂಗಲ ಕಾರ್ಯಾಲಯದಲ್ಲಿ ವಾರ್ಷಿಕ ಸಮ್ಮೇಳನ. ದೀಪ ಹಚ್ಚುವುದಿಲ್ಲ, ಸಸಿಗೆ ನೀರೆರೆದು ಉದ್ಘಾಟನೆ. ನಾನು ಹೋದ ಮೊದಲ ವರ್ಷ ವೇದಿಕೆಯ ಹಿಂದೆ ಮದುವೆಯವರು ಬಿಟ್ಟುಹೋದ ಪ್ಲಾಸ್ಟಿಕ್ ಹೂವಿನ ಕಮಾನು ಹಾಗೇ ಇತ್ತು. ಅದರ ಕೆಳಗೆ ನಿಂತು ಮುಖ್ಯ ಅತಿಥಿಗಳು ಪ್ಲಾಸ್ಟಿಕ್‌ನಿಂದ ಭೂಮಿಗಾಗುವ ಹಾನಿಯ ಕುರಿತು ಮಾತಾಡಿದರು. ಅವರಿಗೆ ಕೊಟ್ಟ ಪುಷ್ಪಗುಚ್ಛಕ್ಕೂ ಪ್ಲಾಸ್ಟಿಕ್ ಸುತ್ತಿತ್ತು. ಯಾರೂ ನಗಲಿಲ್ಲ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಅದಕ್ಕೆ. ಎಲ್ಲರ ಲಕ್ಷ್ಯವೂ ಹೊರಗೆ ನಿಂತ ಕಾರುಗಳ ಮೇಲಿತ್ತು.

ಕ್ಲಬ್ಬಿನ ನಿಯಮಾವಳಿಯ ಮೊದಲ ಸಾಲು: ಇಲ್ಲಿ ಗಿಡಗಳ ಮಾರಾಟವಿಲ್ಲ, ವಿನಿಮಯ ಮಾತ್ರ. ಆ ಸಾಲನ್ನು ಫಲಕವಾಗಿ ಬಾಗಿಲಿಗೆ ಕಟ್ಟಿದ್ದರು. ಫಲಕದ ಕೆಳಗಿನಿಂದ ದಾಟಿ ಹೊರಗೆ ಹೋದರೆ ಹತ್ತಿಪ್ಪತ್ತು ಕಾರುಗಳ ಡಿಕ್ಕಿ ತೆರೆದುಕೊಂಡು, ಪ್ರತಿ ಡಿಕ್ಕಿಯೂ ಒಂದು ಅಂಗಡಿ. ಆದರೆ ಅಂಗಡಿ ಎನ್ನಕೂಡದು, ದರ ಕೇಳಕೂಡದು. ಅದಕ್ಕೊಂದು ಮಾತಿನ ಕ್ರಮವಿದೆ.

“ಎಷ್ಟ ಕೊಡೂದ್ರಿ?”

“ಅಯ್ಯ, ಗಿಡಕ್ಕ ಯಾರರ ರೊಕ್ಕ ತಗೋತಾರೇನ್ರಿ! ಪಾಪ ಹತ್ತೈತಿ. ಗಿಡ ಪುಕ್ಕಟ. ಕುಂಡ, ಮಣ್ಣು, ಗೊಬ್ಬರದ್ದಷ್ಟ ಖರ್ಚ ಕೊಡ್ರಿ.”

ಆ ಖರ್ಚು ಕೇಳಿದರೆ, ಕುಂಡ ಬೆಳ್ಳಿಯದಿರಬೇಕು, ಮಣ್ಣನ್ನು ಯಾವುದೋ ತೀರ್ಥಕ್ಷೇತ್ರದಿಂದ ತಂದಿರಬೇಕು ಎನಿಸುತ್ತಿತ್ತು. ಕುಂಡ ಸಂತೆಯದು. ಮಣ್ಣು ಯಾರದೋ ಕಬ್ಬಿನ ಗದ್ದೆಯದು.

ಇನ್ನು ‘ರೇರ್’ ಎಂಬ ಪದ. ಐದೂ ತಾಲೂಕಿನ ಕನ್ನಡ, ಮರಾಠಿ ಎರಡೂ ಬದಿಗೆ ಸರಿದು ಇದೊಂದೇ ಉಳಿದಿತ್ತು. “ಭಾಳ ರೇರ್ ಐತ್ರಿ.” “ಇದು ರೇರ್ ಅಲ್ರಿ, ಅತೀ ರೇರ್!” ಕಾಗವಾಡದ ದಾರಿಯ ಕಬ್ಬಿನ ಬದುವಿನಲ್ಲಿ ದನ ಕೂಡ ಮುಟ್ಟದ ಕಳೆಯೊಂದು ಅಲ್ಲಿ ಕುಂಡದೊಳಗೆ, ಸುತ್ತ ಬಿಳಿ ಹರಳು ಹಾಸಿಕೊಂಡು, ರೇರಾಗಿ ಕೂತಿತ್ತು. ಕಳ್ಳಿಗಿಡಗಳ ಹುಚ್ಚಿನ ನಿವೃತ್ತ ಮಾಸ್ತರರೊಬ್ಬರು ಸ್ಕೂಟರಿನ ಚೀಲದಿಂದ ಒಂದೊಂದೇ ಗಿಡ ತೆಗೆದು ಮದುವೆಗೆ ಬಂದ ಮಗಳನ್ನು ವರನ ಕಡೆಯವರಿಗೆ ತೋರಿಸುವಷ್ಟು ಜಾಗ್ರತೆಯಿಂದ ತೋರಿಸಿ ಮತ್ತೆ ಒಳಗಿಡುತ್ತಿದ್ದರು. ಇನ್ನು ಕೆಲವು ಮಹನೀಯೆಯರ ವ್ಯಾನಿಟಿ ಬ್ಯಾಗಿನಲ್ಲಿ ಉಗುರು ಕತ್ತರಿ ಇರುತ್ತಿತ್ತು. ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತಾಗ ಪ್ರದರ್ಶನದ ಗಿಡಗಳಿಂದ ಎರಡು ಟೊಂಗೆ ಬ್ಯಾಗಿಗೆ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಂತದ್ದು ಮಾತ್ರ ನೆಟ್ಟಗೆ.

ಇಷ್ಟು ಬರೆದ ಮೇಲೆ ನಾನು ಅಲ್ಲಿಗೆ ಯಾಕೆ ಹೋದೆ ಎಂದು ನೀವು ಕೇಳಬಹುದು. ಅವರಿಗೆ ಬೇಕಾದ್ದೇ ನನಗೂ ಬೇಕಿತ್ತು. ಅದನ್ನು ನಾನು ಶಾಸ್ತ್ರಾಸಕ್ತಿ ಎಂದು ಕರೆಯುತ್ತಿದ್ದೆ.

ಮೊದಲ ಸಮ್ಮೇಳನ ನಿಪ್ಪಾಣಿಯಲ್ಲಿ. ಕ್ಲಬ್ಬಿನ ಅಧ್ಯಕ್ಷೆ ಶೋಭಾ ಮೇಡಂ ಆ ಊರಿನವರೇ. ವಿನಿಮಯಕ್ಕೆ ಬರಿಗೈಯಲ್ಲಿ ಬರುವಂತಿಲ್ಲ ಎಂದು ಅವರು ಗ್ರೂಪಿನಲ್ಲಿ ಬರೆದಿದ್ದರು. ಜೊತೆಗೆ ತಮ್ಮ ಬಳಿಯಿದ್ದ ಬಿಳಿ ಪಟ್ಟೆಯ ಮನಿಪ್ಲಾಂಟಿನ ಫೋಟೋ ಹಾಕಿದ್ದರು. ಅರ್ಧ ಎಲೆ ಹಸಿರು, ಅರ್ಧ ಎಲೆ ಹಾಲು. ನನಗೆ ಅದು ಬೇಕು ಎನಿಸಿತು. ಬೇಕು ಎನಿಸಿದ್ದನ್ನು ನಾನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ಆಗಲೂ ಹೇಳಲಿಲ್ಲ. ಆಯಿ ಬಸದಿಗೆ ಹೋದ ಹೊತ್ತು ನೋಡಿ, ಜಿಟಿಜಿಟಿ ಮಳೆಯಲ್ಲಿ ಗುದ್ದಲಿ ಹಿಡಿದು ಒಗೆಯುವ ಕಲ್ಲಿನ ಬಳಿ ಹೋದೆ.

ಒಂದೇ ಗೆಡ್ಡೆ ಬೇಕಿತ್ತು. ಸಸ್ಯಶಾಸ್ತ್ರದಲ್ಲಿ ಪದವಿ ಇತ್ತು, ಗುದ್ದಲಿಯಲ್ಲಿ ಇರಲಿಲ್ಲ. ಎಷ್ಟೋ ವರ್ಷ ಒಂದನ್ನೊಂದು ಅಪ್ಪಿಕೊಂಡು ಬೆಳೆದ ಗೆಡ್ಡೆಗಳ ನಡುವೆ ಏಟು ಬಿದ್ದು, ಒಂದು ಹೊರಬರುವ ಹೊತ್ತಿಗೆ ಉಳಿದವೆಲ್ಲ ಸೀಳಿದ್ದವು. ಮಣ್ಣು ಮುಚ್ಚಿ, ತುಳಿದು, ಸಮ ಮಾಡಿದೆ. ಹೊರಬಂದ ಗೆಡ್ಡೆಯನ್ನು ಕುಂಡದಲ್ಲಿಟ್ಟು ಈ ಪಟ್ಟಿ ಬರೆದು ಚುಚ್ಚಿದೆ. ಊರಿನ ಹೆಸರನ್ನೂ ಬರೆದೆ. ಕದ್ದ ಮಾಲಿಗೆ ವಿಳಾಸ ಬರೆದು ಕೊಡುವವಳು ನಾನೊಬ್ಬಳೇ ಇರಬೇಕು.

ಶೋಭಾ ಮೇಡಂ ಗೆಡ್ಡೆಯ ಕತೆ ಕೇಳಿ ಕಣ್ಣರಳಿಸಿದರು. “ಹೊಳ್ಯಾಗ ತೇಲಿ ಬಂದದ್ದೇನ? ಅಯ್ಯ ತಂಗೀ, ಇದಕ್ಕಿಂತಾ ರೇರ್ ಏನಿರತೈತಿ!” ಎಂದು ಮನಿಪ್ಲಾಂಟಿನ ಒಂದು ತುಂಡನ್ನು ನನಗೆ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ದೀಪಾವಳಿಯ ಹೊತ್ತಿಗೆ ಅದರ ಬಿಳಿಯೆಲ್ಲ ಇಳಿದು ಹೋಗಿ ಅಪ್ಪಟ ಹಸಿರಾಯಿತು. ಅವ್ವ ನೋಡಿ, “ಇದು ನಮ್ಮ ಬಚ್ಚಲ ಹಿಂದಿಂದs ಅಲ್ಲೇನ? ಕುಂಡದಾಗ ಯಾಕ ಹಚ್ಚಿದಿ?” ಎಂದಳು. ಅಲ್ಲ ಎನ್ನಲು ನನ್ನ ಬಳಿ ಪುರಾವೆ ಇರಲಿಲ್ಲ.

ಅದೇ ಹೊತ್ತಿಗೆ ಒಗೆಯುವ ಕಲ್ಲಿನ ಬಳಿಯ ಗೆಡ್ಡೆಗಳು ಸೀಳಿನಲ್ಲಿ ನೀರು ಕುಡಿದು ಒಂದೊಂದಾಗಿ ಕೊಳೆತಿದ್ದವು. ಆಯಿಗೆ ಆಗಲೇ ಕಣ್ಣು ಮಂಜಾಗಿತ್ತು. ಎಲೆ ಒಣಗಿವೆ, ಮಳೆಗೆ ಚಿಗುರುತ್ತವೆ ಎಂದೆ. ಜ್ಯೇಷ್ಠ ಬಂತು. ಆಯಿ ಊಟ ಮುಗಿಸಿ ಗೋಡೆ ಹಿಡಿದುಕೊಂಡು ಬಂದು ಕಲ್ಲಿನ ಮೇಲೆ ಕೂತಳು.

“ಹೂವು ಬಂತೇನ ಬೇ?”

“ಇನ್ನೂ ಇಲ್ಲ ಆಯಿ.”

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಕ್ಲಾಸಿನಲ್ಲಿ ಹುಡುಗರು ಒಂದು ಸುಳ್ಳು ಹೇಳಿದರೆ ಹಿಡಿದು ನಿಲ್ಲಿಸುವವಳು, ಮನೆಯಲ್ಲಿ ಪ್ರತಿ ಸಂಜೆ ಒಂದು ಹೇಳಿದೆ. ಆಯಿಗೆ ಎಂಬತ್ತು ದಾಟಿತ್ತು. ಇನ್ನು ಎಷ್ಟು ಜ್ಯೇಷ್ಠಗಳು ಎಂಬ ಲೆಕ್ಕ ತಾನಾಗಿ ತಲೆಗೆ ಬಂದರೆ ಅದನ್ನು ಅರ್ಧಕ್ಕೇ ಬಿಡುತ್ತಿದ್ದೆ.

ಆ ವರ್ಷದ ಸಮ್ಮೇಳನ ಅಥಣಿಯಲ್ಲಿ. ನಾನು ಗಿಡಕ್ಕಾಗಿ ಹೋಗಲಿಲ್ಲ, ಶೋಭಾ ಮೇಡಂ ಬಳಿ ಒಂದು ಮರಿಗೆಡ್ಡೆ ಕೇಳಲು ಹೋದೆ. ಕೇಳುವುದು ನನಗೆ ಬರುವುದಿಲ್ಲ. ಎರಡು ಸಲ ಅವರ ಹಿಂದೆ ಹೋಗಿ ನಿಂತು, ಎರಡು ಸಲ ಚಹಾದ ಕಡೆ ತಿರುಗಿ ಬಂದು, ಮೂರನೆಯ ಸಲ ಬಾಯಿಬಿಟ್ಟೆ.

“ಯಾವ ಲಿಲ್ಲಿ ತಂಗಿ? ಓ, ಅದಾ… ಅದು ಆಗs ಸತ್ತ ಹೋತಲ್ಲ!” ಎಂದು ಶೋಭಾ ಮೇಡಂ ನನ್ನ ಕೆನ್ನೆ ತಟ್ಟಿದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅದರ ಮರುವರ್ಷ ನಾನು ಸಮ್ಮೇಳನಕ್ಕೆ ಹೋಗಲೇ ಇಲ್ಲ.

ಈ ವರ್ಷ ಚಿಕ್ಕೋಡಿ. ಕಾಲೇಜಿನಿಂದ ಮಕ್ಕಳನ್ನು ಕರೆದುಕೊಂಡು ಬರಬೇಕೆಂದು ಕ್ಲಬ್ಬಿನವರು ಆಗ್ರಹ ಮಾಡಿದರು, ಹೋದೆ. ಭಾಷಣ ಮುಗಿಯುವ ಮೊದಲೇ ಡಿಕ್ಕಿಗಳು ತೆರೆದಿದ್ದವು. ಶೋಭಾ ಮೇಡಂ ಅವರ ಡಿಕ್ಕಿಯ ಮೂಲೆಯಲ್ಲಿ ನೀಲಿ ಬಣ್ಣದ ಕುಂಡವೊಂದಿತ್ತು. ಅದರಲ್ಲಿ ಒತ್ತೊತ್ತಾಗಿ ಮೂರು ಗೆಡ್ಡೆ, ಬುಡದಲ್ಲಿ ಕೆಂಪು ಹೊಡೆದ ಉದ್ದನೆಯ ಎಲೆ. ಎಮ್ಮೆಯ ಗೂಟಕ್ಕೂ ಹೆಸರು ಬರೆದವಳಿಗೆ ಆ ಎಲೆಯ ಹೆಸರು ಓದಬೇಕಿರಲಿಲ್ಲ. ಆದರೂ ಓದಿದೆ. ಹೊಸ ಪಟ್ಟಿಯ ಮೇಲೆ ‘ಬ್ರೆಜಿಲ್ ಲಿಲ್ಲಿ, ಅತೀ ರೇರ್’ ಎಂದಿತ್ತು.

ಕೃಷ್ಣೆಯಲ್ಲಿ ತೇಲಿ ಬಂದದ್ದು ಮೂರು ವರ್ಷದಲ್ಲಿ ಬ್ರೆಜಿಲ್‌ವರೆಗೆ ಹೋಗಿ ಬಂದಿತ್ತು.

“ಇದು ಬೇಕಾಗಿತ್ತ್ರಿ” ಎಂದೆ.

ಅವರು ಆಚೀಚೆ ನೋಡಿದರು. ಸುತ್ತ ಜನರಿದ್ದರು. “ತಗೋ ತಂಗಿ, ತಗೋ. ನಿನಗ ಇಲ್ಲ ಅಂತೀನೇನ? ಗಿಡಂತೂ ಪುಕ್ಕಟ. ಕುಂಡ, ಮಣ್ಣಿಂದಷ್ಟ…”

“ಗಿಡ ಪುಕ್ಕಟ ಹೌದಲ್ರಿ?”

“ಮತ್ತ! ಕ್ಲಬ್ಬಿನ ನಿಯಮs ಐತಿ.”

“ಹಂಗಾದ್ರ ಕುಂಡ ಮತ್ತ ಮಣ್ಣು ನಿಮಗಿರಲಿ.”

ನಾನು ಕುಂಡವನ್ನು ಎತ್ತಿ ನೆಲಕ್ಕೆ ಬೋರಲು ಹಾಕಿ, ತಳಕ್ಕೆ ಎರಡು ಪೆಟ್ಟು ಕೊಟ್ಟೆ. ಮಣ್ಣಿನ ಮುದ್ದೆ ಇಡಿಯಾಗಿ ಹೊರಬಂತು. ಬೇರು ಕೊಡವಿದೆ. ಮೂರು ಗೆಡ್ಡೆ ಬೇರೆಬೇರೆಯಾಗಿ ಕೈಗೆ ಬಂದವು. ಮುದ್ದೆಯ ಒಳಗಿನಿಂದ ಈ ಬಿಳಿ ಪಟ್ಟಿಯೂ ಬಿತ್ತು, ನನ್ನ ಅಕ್ಷರ ಮೇಲಾಗಿ. ಎತ್ತಿ ಅವರ ಮುಖಕ್ಕೆ ಹಿಡಿಯಲಿಲ್ಲ. ಎಲ್ಲರಿಗೂ ಕಾಣುವಂತೆ ಅಕ್ಷರದ ಮೇಲಿನ ಮಣ್ಣನ್ನಷ್ಟೇ ನಿಧಾನವಾಗಿ ಒರೆಸಿ ಪರ್ಸಿನಲ್ಲಿಟ್ಟುಕೊಂಡೆ. ಹಿಡಿಯುವುದಕ್ಕಿಂತ ಅದು ಕ್ರೂರ, ಗೊತ್ತಿದ್ದೇ ಮಾಡಿದೆ.

ಕಳ್ಳಿಗಿಡದ ಮಾಸ್ತರರು ಸ್ಕೂಟರಿನ ಮೇಲಿಂದಲೇ ಕೂಗಿದರು: “ಕಾಯದೇಶೀರ ಐತ್ರಿ ಮೇಡಂ! ನಿಯಮದ ಪ್ರಕಾರ ಬರೋಬ್ಬರಿ!” ಎಲ್ಲರೂ ನಕ್ಕರು. ಶೋಭಾ ಮೇಡಂ ನಗಲಿಲ್ಲ. ಬಗ್ಗಿ, ಚೆಲ್ಲಿದ ಮಣ್ಣನ್ನು ಕೈಯಿಂದ ಬಾಚಿ ಕುಂಡಕ್ಕೆ ತುಂಬತೊಡಗಿದರು. ಎಂಥ ಜಿಪುಣತನ ಎಂದುಕೊಂಡೆ. “ತಂಗಿ, ಒಂದು ಮರಿ…” ಎಂದೇನೋ ಶುರು ಮಾಡಿದರು. ನಾನು ನಿಲ್ಲಲಿಲ್ಲ. ಗೆಡ್ಡೆಗಳನ್ನು ಓಢಣಿಯ ತುದಿಯಲ್ಲಿ ಸುತ್ತಿಕೊಂಡು ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅಷ್ಟು ಸುಖ ನನಗೆ ಎಂ.ಎಸ್ಸಿ. ಫಲಿತಾಂಶದ ದಿನವೂ ಆಗಿರಲಿಲ್ಲ.

ಮನೆಗೆ ಬಂದಾಗ ಆಯಿ ಊಟ ಮುಗಿಸಿ ಕಲ್ಲಿನ ಮೇಲೆ ಕೂತಿದ್ದಳು. ಮೂರನ್ನೂ ಅವಳ ಮಡಿಲಿಗೆ ಹಾಕಿದೆ. ಜನ್ಮದಲ್ಲಿ ಗೆಡ್ಡೆ ಮುಟ್ಟದವಳು ಒಂದೊಂದನ್ನೂ ಕೂಸಿನ ತಲೆ ಸವರಿದಂತೆ ಸವರಿದಳು. ನಾನು ಎಲ್ಲ ಹೇಳಿದೆ: ಮಳೆ, ಗುದ್ದಲಿ, ಮನಿಪ್ಲಾಂಟು.

“ಗೊತ್ತೈತಿ” ಎಂದಳು. “ಆವತ್ತ ಬಸದಿಯಿಂದ ಬಂದಾಗs ಹೊಸ ಮಣ್ಣಿನ ವಾಸನಿ ಬಂದಿತ್ತ. ಕಣ್ಣ ಹೋಗ್ಯಾವ, ಮೂಗ ಹೋಗಿಲ್ಲ.”

“ಮತ್ತ ದಿನಾ ಸಂಜಿಗೆ ಹೂವು ಬಂತೇನ ಅಂತ ಯಾಕ ಕೇಳತಿದ್ದಿ?”

“ಇವತ್ತರ ಹೇಳ್ತಿ ಅಂತ.”

ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಅವಳ ಮಾತು ಮುಗಿದಿರಲಿಲ್ಲ.

“ಆಕಿಗೆ ಒಂದು ಬಿಟ್ಟ ಬಂದ್ಯೋ ಇಲ್ಲೋ?”

“ಯಾರಿಗೆ?”

“ಮೂರು ವರ್ಷ ನೀರ ಹಾಕ್ಯಾಳಲ್ಲ, ಆಕಿಗೆ.”

“ಆಕಿ ಮಾರಾಕ ನಿಂತಿದ್ಲು ಆಯಿ! ಸತ್ತೈತಿ ಅಂತ ಸುಳ್ಳ ಹೇಳಿದ್ಲು!”

“ನೀ ಏನ ಹೇಳಿದ್ದಿ ನನಗ?”

ತಪ್ಪಿಸಿಕೊಳ್ಳಲು ನಾನು ಪರ್ಸಿನಿಂದ ಪಟ್ಟಿ ತೆಗೆದು ಅವಳ ಕೈಗಿಟ್ಟೆ; ನೋಡು, ನನ್ನ ಅಕ್ಷರ ಇದೆ, ಇದು ನಮ್ಮದೇ ಎನ್ನುವಂತೆ. ಆಯಿಗೆ ಓದಲು ಬಾರದು. ಬೆರಳಾಡಿಸಿದಳು, ತಿರುಗಿಸಿ ಮತ್ತೆ ಆಡಿಸಿದಳು. “ಹಿಂಬದಿಗೂ ಏನೋ ಕೊರದೈತಲ್ಲ ಬೇ. ಓದು.”

ನಾನು ಹಿಂಬದಿ ನೋಡಿರಲೇ ಇಲ್ಲ. ಬಾಲ್‌ಪೆನ್ನನ್ನು ಒತ್ತಿ ಬರೆದ ಬೇರೊಬ್ಬರ ಅಕ್ಷರ: ‘ಮೊದಲ ವರ್ಷ ಹೂ ಐದು. ಎರಡನೇ ವರ್ಷ ಎರಡು. ಈ ವರ್ಷ ಇಲ್ಲ. ಯಾಕೋ?’

ಯಾಕೆಂದು ನನಗೆ ಗೊತ್ತಿತ್ತು. ಒಂದು ಗೆಡ್ಡೆ ಮೂರಾಗಿ ಕುಂಡ ಇಕ್ಕಟ್ಟಾಗಿತ್ತು. ನೆಲಕ್ಕಿಟ್ಟಿದ್ದರೆ ಅರಳುತ್ತಿತ್ತು. ಆ ‘ಯಾಕೋ’ವನ್ನು ಅವರು ಐದು ತಾಲೂಕಿನ ಎಲ್ಲ ಬಲ್ಲವರ ನಡುವೆ ಯಾರನ್ನೂ ಕೇಳಿರಲಿಕ್ಕಿಲ್ಲ. ಅಧ್ಯಕ್ಷೆಯಾದವರು ಕೇಳುವಂತಿಲ್ಲ. ಕೇಳಲು ಬಾರದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಎರಡು ಗೆಡ್ಡೆಗಳನ್ನು ಕಲ್ಲಿನ ಪಕ್ಕ ಇಟ್ಟೆವು. ಗುಂಡಿ ತೋಡಲು ಆಯಿ ಬಿಡಲಿಲ್ಲ. “ಮ್ಯಾಲ ಇಡು. ಹೊಳಿ ಇಟ್ಟಂಗ ಇಡು. ಅದs ಇಳೀತೈತಿ.” ಮೂರನೆಯದನ್ನು ಪೇಪರಿನಲ್ಲಿ ಸುತ್ತಿ ಕಿಟಕಿಯಲ್ಲಿಟ್ಟಿದ್ದೇನೆ. ಈಗ ಸಂಜೆ ಕಲ್ಲಿನ ಮೇಲೆ ಕೂತು ಆಯಿ ಹೂವಿನ ಸುದ್ದಿ ಕೇಳುವುದಿಲ್ಲ. “ನಿಪ್ಪಾಣಿಗೆ ಹೋಗಿ ಬಂದ್ಯೇನ ಬೇ?” ಎಂದು ಕೇಳುತ್ತಾಳೆ. ಎಂಟು ದಿನವೂ ‘ಇನ್ನೂ ಇಲ್ಲ’ ಎಂದಿದ್ದೇನೆ.

ಕ್ಲಬ್ಬಿನ ಬಗ್ಗೆ ಮೇಲೆ ಬರೆದ ಒಂದು ಮಾತನ್ನೂ ನಾನು ಹಿಂದೆಗೆದುಕೊಳ್ಳುವುದಿಲ್ಲ. ಡಿಕ್ಕಿಗಳು ಅಂಗಡಿಗಳೇ, ಬ್ರೆಜಿಲ್ ಸುಳ್ಳೇ. ಆದರೆ ಇವತ್ತು ಶ್ರೀಖಂಡದ ಹೊಸ ಡಬ್ಬಿ ಕತ್ತರಿಸಿ ಇನ್ನೊಂದು ಪಟ್ಟಿ ಮಾಡಿದೆ. ಮುಂದೆ ‘ಹೊಳಿಹೂವು, ದಿಗ್ಗೇವಾಡಿ’ ಎಂದು ಬರೆದೆ. ತಿರುಗಿಸಿ, ಹಿಂದೆ ಒತ್ತಿ ಬರೆದೆ: ‘ಜಾಗ ಸಾಲಲಿಲ್ಲ. ನೆಲದ ಮೇಲಿಡಿ. ಅಗೆಯಬೇಡಿ.’

ನಾಳೆ ಭಾನುವಾರ. ಬೆಳಗಿನ ನಿಪ್ಪಾಣಿ ಬಸ್ಸಿಗೆ ಹೊರಡುತ್ತೇನೆ. ಕುಂಡ ಒಯ್ಯುತ್ತಿಲ್ಲ.